ಹೌಸಿಂಗ್ ಬಿಚ್ಚದೆ ಹಲ್ಲು ಎಣಿಸುವುದು

(ಬೈಕಂಪಾಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಲಾರಿ ಮಾಲಕರು ಮತ್ತು ಚಾಲಕರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಎರಡು ಲಾರಿ, ಒಂದು ಪಿಕಪ್ ಇಟ್ಟುಕೊಂಡವನು. ಸ್ಪ್ಯಾನರ್ ಹಿಡಿಯುವುದಕ್ಕಿಂತ ಸೀಮೆಸುಣ್ಣ ಹಿಡಿಯುವುದು ನನಗೆ ಸುಲಭ. ಇವತ್ತಿನ ವಿಷಯ ಹಿಂದಿನ ಆಕ್ಸಲಿನ ಹೌಸಿಂಗ್, ಅಂದರೆ ಕಬ್ಬಿಣದ ಗೂಡು, ಅದರೊಳಗಿನ ಗೇರಿನ ಹಲ್ಲು ಎಣಿಸುವುದು. ಅದಕ್ಕೂ ಸೀಮೆಸುಣ್ಣವೇ ಸಾಕು.

ನಿಮಗೊಂದು ಪ್ರಶ್ನೆ. ನಿಮ್ಮ ಲಾರಿಯ ಕ್ರೌನ್ ಪಿನಿಯನ್ 6/41ರದ್ದಾ, 7/41ರದ್ದಾ? ಅಂದರೆ ದೊಡ್ಡ ಗೇರು ಕ್ರೌನಿಗೆ 41 ಹಲ್ಲಿದ್ದರೆ, ಚಿಕ್ಕ ಗೇರು ಪಿನಿಯನ್ನಿಗೆ ಆರಾ, ಏಳಾ? ಕೈ ಎತ್ತಿದವರು ಸುಮಾರು ಜನ ಇದ್ದೀರಿ. ಹೇಗೆ ಗೊತ್ತು? ಮೆಕ್ಯಾನಿಕ್ ಹೇಳಿದ್ದು. ನಿಮಗೆ? ಬಿಲ್ಲಿನಲ್ಲಿ ಬರೆದಿದೆ. ಅವರು? ಲಾರಿ ಮಾರಿದವರು ಹೇಳಿದ್ದು. ನೀವೇ ಎಣಿಸಿ ನೋಡಿದವರು ಯಾರಾದರೂ ಇದ್ದೀರಾ? ನೋಡಿ, ಒಂದು ಕೈಯೂ ಮೇಲೆ ಬರಲಿಲ್ಲ.

ನಾನೂ ಹಾಗೆಯೇ ಇದ್ದವನು. ಹತ್ತು ವರ್ಷದ ಹಿಂದೆ ನನ್ನ ಆರು ಚಕ್ರದ ಲಾರಿಯ ಕ್ರೌನ್ ಹೋಯಿತು. ಪಿನಿಯನ್ ಹಲ್ಲು ಮುರಿದು ಹೌಸಿಂಗ್ ಒಳಗೆ ಚೂರು ಚೂರು. ಹೊಸದು ಹಾಕಲು ದುಡ್ಡಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ಗುಜರಿಯಿಂದ ತಂದ ಸೆಟ್ ಕೂರಿಸಿ ಕೊಟ್ಟರು. ‘ಅದೇ ಲಾರಿಯದ್ದು, ಏನೂ ವ್ಯತ್ಯಾಸ ಇಲ್ಲ’ ಅಂದರು. ಹೌಸಿಂಗ್ ಅದೇ, ಬೋಲ್ಟು ಅದೇ, ಸರಿಯಾಗಿ ಕೂತಿತು. ನಾನು ದುಡ್ಡು ಕೊಟ್ಟು ಬಂದೆ.

ಆಮೇಲೆ ಶುರುವಾಯಿತು. ಮುಲ್ಕಿ, ಪಡುಬಿದ್ರಿ ಕಡೆ ಹೈವೇಯಲ್ಲಿ ಲಾರಿ ಜೋರಾಗಿ ಓಡುತ್ತಿತ್ತು. ಶಿರಾಡಿ ಬಂದರೆ ಮಾತ್ರ ಸುಸ್ತು. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಎರಡನೇ ಗೇರು. ಇಲ್ಲಿ ಸಮುದ್ರದ ಬದಿಯಿಂದ ಸಕಲೇಶಪುರಕ್ಕೆ ಹೋಗುವಷ್ಟರಲ್ಲಿ 900 ಮೀಟರ್‌ಗಿಂತ ಜಾಸ್ತಿ ಹತ್ತಬೇಕಲ್ಲ, ಎಳೆತ ಕಡಿಮೆಯಾದರೆ ಅಲ್ಲಿ ಮುಚ್ಚಿಡಲು ಆಗುವುದಿಲ್ಲ. ಡೀಸೆಲ್ ಪಂಪ್ ನೋಡಿಸಿದೆ. ಇಂಜೆಕ್ಟರ್ ತೊಳೆಸಿದೆ. ಕ್ಲಚ್ ಪ್ಲೇಟ್ ಬದಲಿಸಿದೆ. ಏನೂ ಪ್ರಯೋಜನ ಆಗಲಿಲ್ಲ.

ಅದರ ಮೇಲೆ ಮೈಲೇಜು. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 85 ಲೀಟರ್ ಕುಡಿಯುತ್ತಿತ್ತು. ಈಗಲೂ ಅಷ್ಟೇ. ಆದರೆ ನಾನು ಲೆಕ್ಕ ಹಾಕುವುದು ಮೀಟರ್ ನೋಡಿ. ಮೊದಲು ಮೀಟರ್‌ನಲ್ಲಿ 350 ಕಿಲೋಮೀಟರ್ ಆಗುತ್ತಿತ್ತು, ಲೀಟರಿಗೆ ನಾಲ್ಕು ಚಿಲ್ಲರೆ. ಈಗ 300 ಆಗುತ್ತಿತ್ತು, ಲೀಟರಿಗೆ ಮೂರೂವರೆ. ನಾನು ಏನು ತಿಳಿದುಕೊಂಡೆ? ಡ್ರೈವರ್ ಡೀಸೆಲ್ ಮಾರುತ್ತಿದ್ದಾನೆ ಅಂತ! ಎಂಟು ವರ್ಷ ನನ್ನ ಜೊತೆ ಇದ್ದ ಮನುಷ್ಯ. ಬಾಯಿ ಬಿಟ್ಟು ಕೇಳಿಯೂ ಬಿಟ್ಟೆ. ಅವನು ಒಂದು ತಿಂಗಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಬೆಂಗಳೂರು 50 ಕಿಲೋಮೀಟರ್ ಹತ್ತಿರ ಬಂತಾ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ ನೋಡಿ. ಅದು ಹೊಳೆದದ್ದು ಅವನಿಗೆ. ಒಂದು ದಿನ ಫೋನಿನ ಮ್ಯಾಪ್ ಹಾಕಿಕೊಂಡು ಬಂದವನು ಹೇಳಿದ, ‘ಮೀಟರ್ 60 ತೋರಿಸುವಾಗ ಫೋನು 70 ತೋರಿಸುತ್ತದೆ.’ ಅವತ್ತೇ ನಾವಿಬ್ಬರೂ ಲಾರಿ ಅಡಿಗೆ ನುಗ್ಗಿದೆವು. ಮೊದಲು ಇದ್ದದ್ದು 6/41. ಗ್ಯಾರೇಜಿನವರು ಕೂರಿಸಿದ್ದು 7/41.

ಹಳೆ ಲಾರಿಗಳ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸಿನ ಹಿಂಬದಿಯಿಂದ ಹೊರಡುತ್ತದೆ. ಅದು ಎಣಿಸುವುದು ಅಲ್ಲಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಸುತ್ತನ್ನು, ಚಕ್ರದ ಸುತ್ತನ್ನಲ್ಲ. ಇಷ್ಟು ಸುತ್ತಿಗೆ ಇಷ್ಟು ದೂರ ಅಂತ ಕಂಪನಿಯವರು ಗೇರು ಕೂರಿಸಿರುತ್ತಾರೆ. ಹಿಂದೆ ಕ್ರೌನ್ ಬದಲಾದರೆ ಪಾಪ ಮೀಟರಿಗೆ ಹೇಗೆ ಗೊತ್ತಾಗಬೇಕು? ಏಳು ಕಿಲೋಮೀಟರ್ ಓಡಿದರೆ ಆರು ಅಂತ ಬರೆದುಕೊಳ್ಳುತ್ತದೆ. ಎಳೆತವೂ ಅದೇ ಲೆಕ್ಕ, ಏಳರಲ್ಲಿ ಒಂದು ಪಾಲು ಮಾಯ. ಎಂಜಿನ್ ಗಟ್ಟಿಯಾಗಿಯೇ ಇತ್ತು. ಡ್ರೈವರ್ ಪ್ರಾಮಾಣಿಕನಾಗಿಯೇ ಇದ್ದ. ಈಗ ಮೂರನೇ ಸಾಲಿನಲ್ಲಿ ಕೂತು ನಗುತ್ತಿದ್ದಾನಲ್ಲ, ಅವನೇ.

ಈಗ ಲೆಕ್ಕಕ್ಕೆ ಬರೋಣ. ಆಕ್ಸಲ್ ರೇಷಿಯೋ ಅಂದರೆ ಇಷ್ಟೇ: ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು. ಶಾಫ್ಟಿನ ತುದಿಯಲ್ಲಿ ಪಿನಿಯನ್, ಅದು ಚಿಕ್ಕದು. ಅದಕ್ಕೆ ಕಚ್ಚಿಕೊಂಡಿರುವುದು ಕ್ರೌನ್, ಅದು ದೊಡ್ಡದು. ಕ್ರೌನಿನ 41 ಹಲ್ಲನ್ನು ಪಿನಿಯನ್ನಿನ 6 ಹಲ್ಲಿನಿಂದ ಭಾಗಿಸಿದರೆ 6.83. ಏಳರಿಂದ ಭಾಗಿಸಿದರೆ 5.86. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಓಟ ಕಡಿಮೆ. ಘಾಟಿ ಹತ್ತಿ ಭಾರ ಹೊರುವವರಿಗೆ ದೊಡ್ಡ ಸಂಖ್ಯೆ. ಪಣಂಬೂರಿನಿಂದ ಕಂಟೇನರ್ ತುಂಬಿಕೊಂಡು ಸಪಾಟು ಹೈವೇಯಲ್ಲಿ ಉಡುಪಿ, ಕುಂದಾಪುರ ಅಂತ ಓಡುವವರಿಗೆ ಚಿಕ್ಕ ಸಂಖ್ಯೆ. ಯಾವುದು ಒಳ್ಳೆಯದು ಅಂತ ಕೇಳಬೇಡಿ. ಅದು ನೀವು ಎಲ್ಲಿಗೆ ಏನು ಹೊರುತ್ತೀರಿ ಅನ್ನುವುದರ ಮೇಲೆ ಉಂಟು.

ಹಲ್ಲಿನ ಸಂಖ್ಯೆ ಯಾಕೆ 41, 37, 43 ಅಂತ ವಿಚಿತ್ರವಾಗಿರುತ್ತದೆ? ಸುಮ್ನೆ 42ಕ್ಕೆ 7 ಇಟ್ಟಿದ್ದರೆ ಸರಿಯಾಗಿ 6 ಬರುತ್ತಿತ್ತಲ್ಲ! ಆದರೆ ಆಗ ಪಿನಿಯನ್ನಿನ ಒಂದು ಹಲ್ಲು ಯಾವಾಗಲೂ ಕ್ರೌನಿನ ಅದೇ ಆರು ಹಲ್ಲಿಗೆ ಮಾತ್ರ ಸಿಗುತ್ತದೆ. ಒಂದು ಹಲ್ಲಿನಲ್ಲಿ ಸಣ್ಣ ದೋಷ ಇದ್ದರೂ ಆ ಆರನ್ನೇ ತಿಂದು ತಿಂದು ಹಾಕುತ್ತದೆ. 41ಕ್ಕೂ 7ಕ್ಕೂ ಯಾವ ಸಂಖ್ಯೆಯಿಂದಲೂ ಒಟ್ಟಿಗೆ ಭಾಗ ಹೋಗುವುದಿಲ್ಲ. ಹಾಗಾಗಿ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಸರದಿಯಲ್ಲಿ ಭೇಟಿಯಾಗುತ್ತದೆ. ಸವೆತ ಎಲ್ಲರಿಗೂ ಹಂಚಿಹೋಗುತ್ತದೆ.

ಇದರಿಂದ ನಮಗೊಂದು ಉಪಕಾರ ಆಗಿದೆ. ಗಮನ ಇಟ್ಟು ಕೇಳಿ, ಇವತ್ತು ನಾನು ಹೇಳಬೇಕು ಅಂತ ಬಂದದ್ದೇ ಇದನ್ನು.

ಟೈರಿನ ಮೇಲೆ ಒಂದು ಗೆರೆ ಹಾಕಿ. ಶಾಫ್ಟಿನ ಮೇಲೆ ಒಂದು ಗೆರೆ ಹಾಕಿ. ಚಕ್ರ ತಿರುಗಿಸುತ್ತಾ ಹೋಗಿ. ಮೊದಲ ಸುತ್ತು ಮುಗಿದಾಗ ಟೈರಿನ ಗೆರೆ ಕೆಳಗೆ ಬಂತು, ಆದರೆ ಶಾಫ್ಟಿನ ಗೆರೆ ಇನ್ನೂ ಸ್ವಲ್ಪ ಹಿಂದೆ ಉಂಟು. ಎರಡನೇ ಸುತ್ತಿಗೆ ಇನ್ನಷ್ಟು ಹಿಂದೆ. ಹೀಗೆ ಹೋಗಿ ಹೋಗಿ ಒಂದು ಹೊತ್ತಿನಲ್ಲಿ ಎರಡೂ ಗೆರೆ ಒಟ್ಟಿಗೆ ಶುರುವಿನ ಜಾಗಕ್ಕೆ ಬರುತ್ತವೆ. ಅಲ್ಲಿ ನಿಲ್ಲಿಸಿ. ಚಕ್ರ ಎಷ್ಟು ಸುತ್ತು ತಿರುಗಿತೋ ಪಿನಿಯನ್ನಿಗೆ ಅಷ್ಟು ಹಲ್ಲು. ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಕ್ರೌನಿಗೆ ಅಷ್ಟು ಹಲ್ಲು. ಏಳು ಸುತ್ತಿಗೆ 41. ಆರು ಸುತ್ತಿಗೆ 41. ಹೌಸಿಂಗ್ ಬಿಚ್ಚಲಿಲ್ಲ, ಆಯಿಲ್ ಇಳಿಸಲಿಲ್ಲ, ಒಳಗಿನ ಹಲ್ಲನ್ನು ಹೊರಗೆ ನಿಂತು ಎಣಿಸಿ ಆಯಿತು.

(ಯಾರೋ ಕೇಳಿದರು: ಒಂದೇ ಸುತ್ತು ನೋಡಿದರೆ ಸಾಲದಾ?)

ಲಾರಿಗಾದರೆ ಸಾಕು. ಒಂದು ಸುತ್ತಿಗೆ ಶಾಫ್ಟ್ ಆರಕ್ಕೆ ಸ್ವಲ್ಪ ಕಮ್ಮಿ ತಿರುಗಿದರೆ 7/41. ಏಳಕ್ಕೆ ಸ್ವಲ್ಪ ಕಮ್ಮಿ ತಿರುಗಿದರೆ 6/41. ಗೊಂದಲ ಆಗುವುದಿಲ್ಲ. ಪಿಕಪ್ ಗಾತ್ರದ ಗಾಡಿಗಳಲ್ಲಿ ಹಾಗಲ್ಲ. 9/37 ಅಂದರೆ 4.11. 10/41 ಅಂದರೆ 4.10. ಒಂದು ಸುತ್ತಿನಲ್ಲಿ ಇವೆರಡರ ವ್ಯತ್ಯಾಸ ಶಾಫ್ಟಿನ ಮೇಲೆ ಒಂದು ಬೆರಳಿನ ಅಗಲವೂ ಇಲ್ಲ. ಒಂಬತ್ತನೇ ಸುತ್ತಿಗೆ ಗೆರೆ ಕೂಡಿತಾ, ಹತ್ತನೆಯದಕ್ಕೆ ಕೂಡಿತಾ ಅಂತಲೇ ನೋಡಬೇಕು. ಎರಡು ಸೆಟ್‌ನ ಹಲ್ಲು ಒಂದಕ್ಕೊಂದು ಕೂರುವುದಿಲ್ಲ, ಬೆರೆಸಿ ಹಾಕಲು ಆಗುವುದಿಲ್ಲ.

ಈಗ ಚಕ್ರ ತಿರುಗಿಸುವುದು ಹೇಗೆ? ನನಗೆ ಇಷ್ಟವಾದ ದಾರಿಯಲ್ಲಿ ಜಾಕ್ ಬೇಡ. ಸಪಾಟಾದ, ನೇರವಾದ ಜಾಗ ಬೇಕು, ಸುಮಾರು 25 ಮೀಟರ್. ಲಾರಿಯ 10.00-20 ಅಳತೆಯ ಟೈರಿನ ಸುತ್ತಳತೆ ಸುಮಾರು 3.2 ಮೀಟರ್. ಏಳು ಸುತ್ತಿಗೆ 22 ಮೀಟರ್ ಚಿಲ್ಲರೆ ಬೇಕಾಗುತ್ತದೆ. ಫೋನಿನ ವಿಡಿಯೋ ಚಾಲೂ ಮಾಡಿ, ಶಾಫ್ಟಿನ ಗೆರೆ ಕಾಣುವ ಹಾಗೆ ಚಾಸಿಗೆ ಗಟ್ಟಿಯಾಗಿ ಕಟ್ಟಿ. ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಇಟ್ಟ ಮೇಲೆಯೇ ಅಡಿಗೆ ಹೋಗಿ. ಕಟ್ಟಿ ಆಚೆ ಬನ್ನಿ. ಆಮೇಲೆ ಡ್ರೈವರ್ ಒಂದನೇ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ, ನೇರಕ್ಕೆ ಬಿಡಲಿ. ನಡೆಯುವುದಕ್ಕಿಂತ ನಿಧಾನವಾಗಿ ಹೋಗುತ್ತದೆ. ಇನ್ನೊಬ್ಬ ಬದಿಯಲ್ಲಿ ದೂರ ನಿಂತು ನಡೆಯುತ್ತಾ ಟೈರಿನ ಗೆರೆ ಕೆಳಗೆ ಬಂದಾಗಲೆಲ್ಲ ‘ಒಂದು’, ‘ಎರಡು’ ಅಂತ ಜೋರಾಗಿ ಕೂಗಲಿ. ವಿಡಿಯೋದಲ್ಲಿ ಅವನ ದನಿಯೂ ಬರುತ್ತದೆ, ಶಾಫ್ಟಿನ ಸುತ್ತೂ ಬರುತ್ತದೆ. ಮನೆಯಲ್ಲಿ ಚಹಾ ಕುಡಿಯುತ್ತಾ ಎಣಿಸಬಹುದು. ಓಡುವ ಲಾರಿಯ ಅಡಿಗೆ ಬಗ್ಗಿ ನೋಡುವ ಚಾಳಿ ಮಾತ್ರ ಬೇಡ ಮಾರಾಯ್ರೆ.

ನೇರ ಹೋಗಬೇಕು ಅಂದೆ. ಯಾಕೆ ಅಂತ ಹೇಳಬೇಕಾದರೆ ಡಿಫ್ರೆನ್ಷಿಯಲ್ ವಿಷಯಕ್ಕೆ ಬರಬೇಕು. ಎರಡು ಬದಿಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ ಅದು.

ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಡಿಮೆ. ಆಗ ಒಂದು ಬದಿಯ ಚಕ್ರ ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಆಗುಂಬೆಯ ಸುತ್ತು ನೋಡಿದವರಿಗೆ ಇದನ್ನು ವಿವರಿಸುವುದು ಬೇಡ. ಎರಡೂ ಚಕ್ರ ಒಂದೇ ರಾಡಿಗೆ ಬೆಸೆದಿದ್ದರೆ ಒಂದು ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಇದಕ್ಕೆ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತ 1827ರಲ್ಲೇ ಗಾಡಿಗೆ ಕೂರಿಸುವ ಡಿಫ್ರೆನ್ಷಿಯಲ್ ಮಾಡಿದ್ದ. ಆಗ ಪೆಟ್ರೋಲ್ ಕಾರೇ ಇರಲಿಲ್ಲ, ಅವನ ಗಾಡಿ ಉಗಿಯದ್ದು.

ಒಳಗಿನ ಕೆಲಸ ತಿಳಿಯಲು ನಮ್ಮ ಊರಿನ ನೊಗ ಸಾಕು. ಒಂದು ನೊಗದ ಎರಡು ತುದಿಗೆ ಎರಡು ಹಗ್ಗ, ಎರಡು ಮರದ ದಿಮ್ಮಿ. ನಡುವಿಗೆ ಇನ್ನೊಂದು ಹಗ್ಗ ಕಟ್ಟಿ ನೀವು ಎಳೆಯುತ್ತೀರಿ. ಎರಡೂ ದಿಮ್ಮಿ ಒಂದೇ ತೂಕ ಆದರೆ ನೊಗ ನೆಟ್ಟಗೆ ಬರುತ್ತದೆ. ಒಂದು ಹಗ್ಗ ಕಡಿದುಹೋಯಿತು ಅಂದುಕೊಳ್ಳಿ. ನೊಗ ಆ ಕಡೆಗೆ ತಿರುಗಿ ನಿಮ್ಮ ಕೈಗೆ ಸಡಿಲವಾಗಿ ಬಂದುಬಿಡುತ್ತದೆ. ಉಳಿದ ದಿಮ್ಮಿ ಕದಲುವುದಿಲ್ಲ. ನೊಗ ಎರಡು ತುದಿಗೂ ಯಾವಾಗಲೂ ಸಮ ಎಳೆತವನ್ನೇ ಕೊಡುವುದು. ಒಂದು ತುದಿಯಲ್ಲಿ ಹಿಡಿತ ಸೊನ್ನೆ ಅಂದರೆ ಇನ್ನೊಂದಕ್ಕೂ ಸೊನ್ನೆ.

ಡಿಫ್ರೆನ್ಷಿಯಲ್ ಒಳಗಿನ ಸ್ಪೈಡರ್ ಗೇರು ಅಂದರೆ ಸುತ್ತುವ ನೊಗ ಅಷ್ಟೇ. ಮುರಕಲ್ಲಿನ ಕೋರೆಯಲ್ಲಿ ಮಳೆಗಾಲದಲ್ಲಿ ಒಂದು ಚಕ್ರ ಕೆಸರಿನಲ್ಲಿ ಗರಗರ ತಿರುಗುತ್ತದೆ, ಗಟ್ಟಿ ಕಲ್ಲಿನ ಮೇಲಿರುವ ಇನ್ನೊಂದು ಚಕ್ರ ಸುಮ್ನೆ ನಿಂತಿರುತ್ತದೆ. ‘ಶಕ್ತಿ ಎಲ್ಲ ಆ ಚಕ್ರಕ್ಕೆ ಹೋಗುತ್ತಿದೆ’ ಅಂತ ನಾವು ಹೇಳುತ್ತೇವೆ. ಅದು ಅರ್ಧ ಸರಿ. ತಿರುಗುವುದೆಲ್ಲ ಅಲ್ಲಿಗೆ ಹೋಗುತ್ತಿದೆ, ಆದರೆ ಎಳೆತ ಎರಡಕ್ಕೂ ಸಮವಾಗಿಯೇ ಸಿಗುತ್ತಿದೆ. ಕೆಸರು ಎಷ್ಟು ಹಿಡಿಯಿತೋ ಅಷ್ಟೇ ಕಲ್ಲಿನ ಮೇಲಿನ ಚಕ್ರಕ್ಕೂ.

ನೊಗದ ಇನ್ನೊಂದು ಗುಣ ಉಂಟು. ಒಂದು ತುದಿಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದು ತುದಿಯನ್ನು ಒಂದು ಮೊಳ ಮುಂದೆ ತಂದರೆ ನಡು ಎಷ್ಟು ಬರುತ್ತದೆ? ಅರ್ಧ ಮೊಳ. ಲಾರಿಯಲ್ಲೂ ಹಾಗೆಯೇ. ಹಿಂದಿನ ಒಂದು ಬದಿಯ ಚಕ್ರ ಮಾತ್ರ ಜಾಕಿನಲ್ಲಿ ಎತ್ತಿ, ಇನ್ನೊಂದು ನೆಲದಲ್ಲೇ ಇದ್ದರೆ, ಎತ್ತಿದ ಚಕ್ರ ಒಂದು ಸುತ್ತು ತಿರುಗಿದಾಗ ಶಾಫ್ಟ್ ಅರ್ಧ ಲೆಕ್ಕವೇ ತಿರುಗುವುದು. 7/41 ಇದ್ದರೆ ಆರರ ಬದಲು ಮೂರಕ್ಕೆ ಸ್ವಲ್ಪ ಕಮ್ಮಿ. ಇದು ಗೊತ್ತಿಲ್ಲದೆ ಎಣಿಸಿ, ‘ನನ್ನ ಲಾರಿಗೆ ಕಾರಿನ ಕ್ರೌನ್ ಹಾಕಿದ್ದಾರೆ’ ಅಂತ ಗಾಬರಿಯಾದವರನ್ನು ನಾನು ನೋಡಿದ್ದೇನೆ. ಎರಡು ಸುತ್ತನ್ನು ಒಂದು ಅಂತ ಎಣಿಸಿದರೆ ಮುಗಿಯಿತು.

ಜಾಕ್ ಇಡುವ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಚಕ್ರ ತಿರುಗಬೇಕಾದರೆ ನ್ಯೂಟ್ರಲ್ ಬೇಕು, ಹ್ಯಾಂಡ್‌ಬ್ರೇಕ್ ಬಿಡಬೇಕು. ಏರ್ ಬ್ರೇಕ್ ಲಾರಿಯಲ್ಲಿ ಹಿಂದಿನ ಸ್ಪ್ರಿಂಗ್ ಬ್ರೇಕ್ ಬಿಡಬೇಕಾದರೆ ಟ್ಯಾಂಕಿನಲ್ಲಿ ಗಾಳಿ ತುಂಬಿರಬೇಕು. ಅಂದರೆ ಆ ಹೊತ್ತಿಗೆ ಲಾರಿಯನ್ನು ಹಿಡಿದಿರುವುದು ನೀವು ಇಟ್ಟ ಅಡ್ಡ ಮಾತ್ರ. ಮುಂದಿನ ಎರಡೂ ಚಕ್ರಕ್ಕೆ, ನೆಲದಲ್ಲಿರುವ ಹಿಂದಿನ ಚಕ್ರಕ್ಕೆ, ಮುಂದೂ ಹಿಂದೂ ಒಳ್ಳೆ ಮರದ ಅಡ್ಡ ಇಡಿ. ಸಿಕ್ಕಿದ ಕಲ್ಲು ಅಲ್ಲ. ಮುರಕಲ್ಲಂತೂ ಬೇಡವೇ ಬೇಡ, ಭಾರ ಬಿದ್ದರೆ ಹುಡಿಯಾಗುತ್ತದೆ. ಜಾಕಿನ ಅಡಿಗೆ ಅಗಲ ಹಲಗೆ ಹಾಕಿ. ನಮ್ಮ ಅಂಗಳದ ಮಣ್ಣು ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಣ್ಣೆಯ ಹಾಗೆ. ಎತ್ತಿದ ಮೇಲೆ ಆಕ್ಸಲ್ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಕೊಡಿ. ಲಾರಿ ಖಾಲಿ ಇರಲಿ. ಇಷ್ಟೆಲ್ಲ ಇಲ್ಲದಿದ್ದರೆ ವಿಡಿಯೋ ದಾರಿಯೇ ಸಾಕು.

ಹಾಗಾದರೆ ಜಾಕ್ ಯಾಕೆ ಬೇಕು? ಡಿಫ್ರೆನ್ಷಿಯಲ್ ಯಾವ ಜಾತಿ ಅಂತ ನೋಡಲು. ಒಂದು ಬದಿ ಎತ್ತಿ, ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿ. ಹಗುರವಾಗಿ ತಿರುಗಿ, ಶಾಫ್ಟೂ ತಿರುಗಿತು ಅಂದರೆ ಸಾದಾ ಡಿಫ್ರೆನ್ಷಿಯಲ್, ಓಪನ್ ಅನ್ನುತ್ತಾರಲ್ಲ ಅದು. ಕದಲಲೇ ಇಲ್ಲ ಅಂದರೆ ಎರಡು ಬದಿಯ ಚಕ್ರವನ್ನೂ ಒಟ್ಟಿಗೆ ಬಿಗಿಯುವ ಲಾಕ್ ಒಳಗೆ ಬಿದ್ದಿದೆ, ಅಥವಾ ಯಾರೋ ಮಹಾನುಭಾವ ಸ್ಪೈಡರ್ ಗೇರಿಗೆ ವೆಲ್ಡಿಂಗ್ ಹೊಡೆಸಿದ್ದಾನೆ. ಬಲ ಹಾಕಿದರೆ ಬಿಗಿಯಾಗಿ, ಒಂದೇ ಸಮನೆ ಜಾರುತ್ತಾ ತಿರುಗಿತು ಅಂದರೆ ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್, ಒಂದೇ ಚಕ್ರ ಸುಮ್ನೆ ಜಾರಿ ತಿರುಗದ ಹಾಗೆ ತಡೆಯುವ ಜಾತಿ. ಬ್ರೇಕ್ ಹಿಡಿದುಕೊಂಡಿದ್ದರೂ ಹೀಗೇ ಆಗುತ್ತದೆ, ಅದನ್ನು ಮೊದಲು ನೋಡಿ. ಪ್ಲೇಟ್ ಸವೆದಿದ್ದರೆ ಲಿಮಿಟೆಡ್ ಸ್ಲಿಪ್ ಕೂಡ ಸಾದಾ ಥರವೇ ತಿರುಗುತ್ತದೆ.

ಎರಡೂ ಬದಿ ಎತ್ತಿ ಗೇರಿನಲ್ಲಿ ಇಟ್ಟು ನೋಡುವ ಕ್ರಮವೂ ಉಂಟು. ಶಾಫ್ಟ್ ನಿಂತಿರುವಾಗ ಒಂದು ಚಕ್ರ ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ತಿರುಗಿದರೆ ಸಾದಾ. ನೊಗದ ನಡುವನ್ನು ಗೂಟಕ್ಕೆ ಸಿಕ್ಕಿಸಿದ ಹಾಗೆ. ಲಾರಿಯ ಹಿಂಭಾಗ ಪೂರ್ತಿ ಗಾಳಿಯಲ್ಲಿ ಎತ್ತುವುದು ನನಗೆ ಧೈರ್ಯ ಸಾಲದ ಕೆಲಸ, ಪಿಕಪ್‌ಗಾದರೆ ಆದೀತು.

(ಪ್ರಶ್ನೆ: ಥಾರ್‌ನಲ್ಲಿ ತಾನಾಗಿಯೇ ಲಾಕ್ ಆಗುವುದು ಇದೆಯಲ್ಲ, ಅದು ಹೀಗೆ ಗೊತ್ತಾಗುತ್ತದಾ?)

ಒಳ್ಳೆ ಪ್ರಶ್ನೆ. ಗೊತ್ತಾಗುವುದಿಲ್ಲ. 2020ರ ಥಾರ್‌ನಲ್ಲಿ ಬಂದ ಮೆಕ್ಯಾನಿಕಲ್ ಲಾಕಿಂಗ್ ಡಿಫ್ರೆನ್ಷಿಯಲ್ ಈಟನ್ ಕಂಪನಿಯದ್ದು. ಅದರೊಳಗೆ ತಿರುಗುವ ಸಣ್ಣ ತೂಕಗಳಿವೆ. ಎರಡು ಚಕ್ರದ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಅವು ಹೊರಗೆ ಚಿಮ್ಮಿ ಕೊಕ್ಕೆ ಹಾಕುತ್ತವೆ, ಆಮೇಲೆ ಪೂರ್ತಿ ಲಾಕ್. ನೀವು ಕೈಯಿಂದ ಅಷ್ಟು ವೇಗ ತಿರುಗಿಸಲಾರಿರಿ. ಕೈಗೆ ಅದು ಸಾದಾ ಡಿಫ್ರೆನ್ಷಿಯಲ್ ಥರವೇ ಕಾಣುತ್ತದೆ. ಕೆಸರಿನಲ್ಲಿ ಒಂದು ಚಕ್ರ ಗರ್ ಅಂತ ತಿರುಗಿ, ‘ಟಕ್’ ಅಂತ ಹಿಡಿದು, ಗಾಡಿ ಜಿಗಿದು ಎದ್ದರೆ ಅದೇ ಸಾಕ್ಷಿ. ಫೋರ್ಸ್ ಕಂಪನಿಯ ಗೂರ್ಖಾ ಜೀಪಿನವರಿಗೆ ಈ ತಲೆಬಿಸಿ ಇಲ್ಲ, ಹಿಂದೂ ಮುಂದೂ ಲಾಕಿಗೆ ಕೈಗೆ ಸಿಗುವ ಹಿಡಿ ಉಂಟು. ಇನ್ನೊಂದು ಮಾತು, ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಹಿಂದಿನ ರೇಷಿಯೋ ಬದಲಿಸಿದರೆ ಮುಂದಿನದ್ದೂ ಬದಲಿಸಬೇಕು. ಇಲ್ಲದಿದ್ದರೆ ಗಟ್ಟಿ ರಸ್ತೆಯಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಜಗಳ ಆಡಿ ಏನಾದರೊಂದು ಮುರಿಯುತ್ತದೆ.

(ಪ್ರಶ್ನೆ: ರೇಷಿಯೋ ಬರೆದ ಪ್ಲೇಟ್ ಹೌಸಿಂಗ್ ಮೇಲೆ ಇರುತ್ತದಲ್ಲ, ಅದನ್ನು ನೋಡಿದರೆ ಆಗುವುದಿಲ್ಲವಾ?)

ಪ್ಲೇಟ್ ಇದ್ದರೆ ನೋಡಿ. ಕೆಲವು ಹೌಸಿಂಗ್‌ಗಳ ಮೇಲೆ ಸಣ್ಣ ತಗಡು ಇರುತ್ತದೆ, ಉಪ್ಪುಗಾಳಿಗೆ ನಮ್ಮಲ್ಲಿ ಎಷ್ಟು ದಿನ ಬಾಳುತ್ತದೆ ಅಂತ ಬೇರೆ ಮಾತು. ಮಲ್ಪೆ ಬಂದರಿನ ಮೀನಿನ ಗಾಡಿಗಳಲ್ಲಿ ಹುಡುಕಿ ನೋಡಿ, ಹೌಸಿಂಗ್ ಬಣ್ಣವೇ ಕಾಣುವುದಿಲ್ಲ. ಅಮೆರಿಕದ ಪಿಕಪ್‌ಗಳಲ್ಲಿ ಇದು ಸುಲಭ. ಫೋರ್ಡ್ ಬಾಗಿಲ ಕಂಬದ ಸ್ಟಿಕರ್‌ನಲ್ಲಿ ಆಕ್ಸಲ್ ಕೋಡ್ ಬರೆದಿರುತ್ತದೆ. ಜನರಲ್ ಮೋಟರ್ಸ್‌ನ ಹಳೆ ಗಾಡಿಗಳ ಗ್ಲೋವ್‌ಬಾಕ್ಸ್ ಚೀಟಿಯಲ್ಲಿ ಜಿಟಿ4 ಅಂತ ಇದ್ದರೆ 3.73, ಜಿ80 ಅಂತ ಇದ್ದರೆ ಲಾಕಿಂಗ್ ಡಿಫ್ರೆನ್ಷಿಯಲ್. ಆದರೆ ಚೀಟಿ ಹೇಳುವುದು ಗಾಡಿ ಫ್ಯಾಕ್ಟರಿಯಿಂದ ಹೊರಟ ದಿನದ ಕಥೆ. ಆಮೇಲೆ ಯಾವ ಗುಜರಿಯಿಂದ ಯಾವ ಸೆಟ್ ಬಂತು ಅಂತ ಚೀಟಿಗೆ ಗೊತ್ತಿಲ್ಲ. ನಮ್ಮ ಆರ್‌ಸಿಯಲ್ಲಂತೂ ಈ ಸುದ್ದಿಯೇ ಇಲ್ಲ.

ಹೌಸಿಂಗ್ ಹೇಗೂ ಬಿಚ್ಚಿದ್ದಾರೆ ಅಂದರೆ ಆಗ ಮಾತ್ರ ಹತ್ತಿರ ಹೋಗಿ ನೋಡಿ. ಕ್ರೌನಿನ ಅಂಚಿನಲ್ಲೋ ಪಿನಿಯನ್ನಿನ ತಲೆಯಲ್ಲೋ ಹಲ್ಲಿನ ಸಂಖ್ಯೆ ಕೆತ್ತಿರುತ್ತದೆ. ಜೊತೆಗೆ ಜೋಡಿ ನಂಬರ್ ಇರುತ್ತದೆ. ಅದು ಎರಡರಲ್ಲೂ ಒಂದೇ ಇರಬೇಕು. ಕ್ರೌನ್ ಮತ್ತು ಪಿನಿಯನ್ನನ್ನು ಫ್ಯಾಕ್ಟರಿಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ. ಒಂದನ್ನು ಇಟ್ಟುಕೊಂಡು ಇನ್ನೊಂದು ಮಾತ್ರ ತಂದರೆ ಒಂದು ತಿಂಗಳಲ್ಲಿ ಕೂಗಲು ಶುರು. ನನ್ನ ಕಥೆಯಲ್ಲಿ ಆ ಎರಡೂ ಸಂಖ್ಯೆ ಅವತ್ತು ಗ್ಯಾರೇಜಿನಲ್ಲಿ ನನ್ನ ಕಣ್ಣೆದುರೇ ಇತ್ತು. ನಾನು ಎದುರಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಿದ್ದೆ.

ಚಕ್ರ ಎಣಿಸಲು ಸೋಮಾರಿತನ ಆದವರಿಗೆ ಇನ್ನೊಂದು ದಾರಿ, ಆರ್‌ಪಿಎಂ ಮೀಟರ್ ಇದ್ದರೆ. ಡೈರೆಕ್ಟ್ ಗೇರಿನಲ್ಲಿ ಓಡಿಸಿ. ಡೈರೆಕ್ಟ್ ಅಂದರೆ ಎಂಜಿನ್ ಸುತ್ತೂ ಶಾಫ್ಟ್ ಸುತ್ತೂ ಒಂದೇ ಆಗುವ ಗೇರು. ಟಾಪ್ ಗೇರೇ ಡೈರೆಕ್ಟ್ ಅಂತ ತಿಳಿಯಬೇಡಿ, ಶಾಫ್ಟ್ ಎಂಜಿನ್ನಿಗಿಂತ ಜಾಸ್ತಿ ಸುತ್ತುವ ಗೇರು, ಅಂದರೆ ಓವರ್‌ಡ್ರೈವ್ ಇರುವ ಗೇರ್‌ಬಾಕ್ಸಿನಲ್ಲಿ ಅದು ಒಂದು ಮೆಟ್ಟಿಲು ಕೆಳಗಿರುತ್ತದೆ. ಲಾರಿಯ ಪುಸ್ತಕದಲ್ಲಿ ಬರೆದಿರುತ್ತದೆ. 1500 ಆರ್‌ಪಿಎಂ ಹಿಡಿದುಕೊಂಡು ಫೋನಿನಲ್ಲಿ ವೇಗ ನೋಡಿ. ಟೈರಿನ ಸುತ್ತಳತೆ 3.2 ಮೀಟರ್ ಅಂದುಕೊಂಡರೆ, 1500 ಗುಣಿಸು 3.2, ಗುಣಿಸು 60 ನಿಮಿಷ, ಭಾಗಿಸು 1000. ಬಂದದ್ದು 288. ಅದನ್ನು ವೇಗದಿಂದ ಭಾಗಿಸಿ. 42 ಕಿಲೋಮೀಟರ್ ವೇಗ ಇದ್ದರೆ 6.86, ಅಂದರೆ 6/41. 49 ಇದ್ದರೆ 5.88, ಅಂದರೆ 7/41. ದಶಾಂಶದ ಕೊನೆಯ ಅಂಕಿ ಸರಿಹೋಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಹತ್ತಿರದ ಜೋಡಿ ಯಾವುದೋ ಅದೇ. ಟೈರಿನ ಸುತ್ತಳತೆ ಮಾತ್ರ ಪುಸ್ತಕದಿಂದ ತೆಗೆಯಬೇಡಿ. ಗೆರೆ ಹಾಕಿ, ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಟೇಪ್ ಹಿಡಿಯಿರಿ. ಸವೆದ ಟೈರ್, ಗಾಳಿ ಕಡಿಮೆ ಇರುವ ಟೈರ್, ಎಲ್ಲ ಲೆಕ್ಕಕ್ಕೆ ಬರುತ್ತದೆ.

(ಪ್ರಶ್ನೆ: ನನ್ನದು ಹತ್ತು ಚಕ್ರದ ಟಿಪ್ಪರ್. ಎರಡು ಹೌಸಿಂಗ್. ಯಾವುದನ್ನು ಎಣಿಸಬೇಕು?)

ಎರಡು ಹೌಸಿಂಗ್ ನಡುವೆ ಒಂದು ಚಿಕ್ಕ ಶಾಫ್ಟ್ ಇದೆಯಲ್ಲ, ಅದಕ್ಕೆ ಗೆರೆ ಹಾಕಿ, ಹಿಂದಿನ ಆಕ್ಸಲಿನ ಚಕ್ರದ ಜೊತೆ ಎಣಿಸಿ. ಮುಂದಿನ ಹೌಸಿಂಗ್ ತಲೆಯಲ್ಲಿ ಇನ್ನೊಂದು ಡಿಫ್ರೆನ್ಷಿಯಲ್ ಉಂಟು, ಎರಡು ಆಕ್ಸಲ್‌ಗೆ ಹಂಚಲು. ಗೇರ್‌ಬಾಕ್ಸಿನಿಂದ ಬರುವ ದೊಡ್ಡ ಶಾಫ್ಟ್ ಅದರ ನಡುವಿಗೆ ಕೂತಿದೆ, ಜಾಕಿನಲ್ಲಿಟ್ಟು ಎಣಿಸಿದರೆ ಲೆಕ್ಕ ತಪ್ಪುತ್ತದೆ. ನಿಮ್ಮದು ಹಬ್ ರಿಡಕ್ಷನ್ ಆಕ್ಸಲಾ? ಹಾಗಾದರೆ ಕ್ರೌನ್ ಹಲ್ಲು ಅರ್ಧ ಕಥೆ ಮಾತ್ರ. ಚಕ್ರದ ಹಬ್ ಒಳಗೆ ಇನ್ನೊಂದು ಗೇರ್ ಸೆಟ್ ಇದೆ, ಎರಡನ್ನೂ ಗುಣಿಸಬೇಕು. ಚಕ್ರ ತಿರುಗಿಸಿ ಎಣಿಸಿದರೆ ಗುಣಿಸಿದ ಉತ್ತರವೇ ನೇರ ಸಿಗುತ್ತದೆ. ಗೆರೆ ಕೂಡುವ ಆಟ ಮಾತ್ರ ಅಲ್ಲಿ ನಡೆಯುವುದಿಲ್ಲ, ಹತ್ತು ಸುತ್ತು ಎಣಿಸಿ ಹತ್ತರಿಂದ ಭಾಗಿಸಿ.

ಮಾತು ಸಾಕು. ಹೊರಗೆ ಒಂದು ಆರು ಚಕ್ರದ ಟಿಪ್ಪರ್ ನಿಲ್ಲಿಸಿದ್ದಾರೆ. ಅದರ ಮಾಲಕರು ‘7/41, ಬಿಲ್ ಉಂಟು, ಬೆಟ್ ಕಟ್ಟುತ್ತೀರಾ?’ ಅಂತ ಬೆಳಿಗ್ಗೆಯಿಂದ ನನ್ನನ್ನು ಕಾಡುತ್ತಿದ್ದಾರೆ. ಬನ್ನಿ, ನೋಡೋಣ.

(ಮುಂದಿನದ್ದು ಅಂಗಳದಲ್ಲಿ ಆದದ್ದು, ಮನೆಗೆ ಹೋಗಿ ಬರೆದದ್ದು.)

ಫೋನ್ ಕಟ್ಟಿದೆವು. ಟಿಪ್ಪರ್ ನೇರಕ್ಕೆ ತೆವಳಿತು. ಹತ್ತಿಪ್ಪತ್ತು ಜನ ಒಟ್ಟಿಗೆ ‘ಒಂದು, ಎರಡು’ ಅಂತ ಕೂಗಿದ್ದರಿಂದ ವಿಡಿಯೋದಲ್ಲಿ ಕಂಬಳದ ಗದ್ದಲ. ಏಳಕ್ಕೆ ಸರಿಯಾಗಿ ಗೆರೆ ಕೂಡಿತು, 41. ಬಿಲ್ ಸರಿ ಇತ್ತು. ಬೆಟ್ ಕಟ್ಟಿದ್ದರೆ ನಾನು ಸೋಲುತ್ತಿದ್ದೆ. ಮಾಲಕರು ಮೀಸೆ ತಿರುವಿದರು.

ಬಂದದ್ದೇ ಬಂದೆವು, ಡಿಫ್ ಲಾಕ್ ಕೂಡ ನೋಡುವ ಅಂದೆ. ಅಡ್ಡ ಇಟ್ಟು, ಎಡಬದಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಾಳಿ ತುಂಬಿಸಿ, ಲಾಕ್ ಸ್ವಿಚ್ ಒತ್ತಿದರು. ಡ್ಯಾಶ್‌ಬೋರ್ಡಿನಲ್ಲಿ ದೀಪ ಬಂತು. ಲಾಕ್ ಬಿದ್ದಿದ್ದರೆ ಈಗ ಎತ್ತಿದ ಚಕ್ರ ಕದಲಬಾರದು. ಹಲ್ಲು ಕೂರಲಿ ಅಂತ ನನ್ನ ಡ್ರೈವರ್ ಚಕ್ರವನ್ನು ಸ್ವಲ್ಪ ಆಚೀಚೆ ಆಡಿಸಿದ. ಅದು ಆರಾಮವಾಗಿ ಒಂದು ಪೂರ್ತಿ ಸುತ್ತು ತಿರುಗಿತು. ಇನ್ನೊಂದು ಸುತ್ತು ತಿರುಗಿತು.

ಅವನು ಹೌಸಿಂಗ್ ಕಡೆಗೆ ಕಿವಿ ಕೊಟ್ಟು ಒಂದು ನಿಮಿಷ ಸುಮ್ಮನೆ ಕೂತ. ‘ಸುಯ್ ಅಂತ ಕೇಳುತ್ತಿದೆ’ ಅಂದ. ಲಾಕಿಗೆ ಹೋಗುವ ಗಾಳಿಯ ಪೈಪು ಜಾಯಿಂಟಿನ ಹತ್ತಿರ ಸೀಳಿತ್ತು, ಮೇಲೆ ಒಣಗಿದ ಕೆಸರು ಮೆತ್ತಿಕೊಂಡಿತ್ತು. ದೀಪ ಸ್ವಿಚ್ಚಿನದ್ದು ಮಾತ್ರ. ‘ಕಳೆದ ಮಳೆಗಾಲದಲ್ಲಿ ಮೂರು ಸಲ ಜೆಸಿಬಿ ಕರೆಸಿ ಎಳೆಸಿದ್ದೇನೆ ಮಾರಾಯ್ರೆ’ ಅಂದರು ಮಾಲಕರು. ಆ ಹೊತ್ತಿಗೆ ಯಾರೋ ಪೈಪಿನ ಅಳತೆ ಕೇಳುತ್ತಿದ್ದರು, ಇನ್ನೊಬ್ಬರು ಭಾನುವಾರ ಯಾವ ಅಂಗಡಿ ತೆರೆದಿರುತ್ತದೆ ಅಂತ ಫೋನ್ ಮಾಡುತ್ತಿದ್ದರು.